ಬಾವುಟಕ್ಕಾಗಿ ಕಿರೀಟ ಬಿಟ್ಟ ಶಾಂಬೋರ್ ಕೌಂಟ್ ಮಾಡಿದ್ದು ಸರಿಯೇ? ಪರ–ವಿರೋಧ

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. 1873ರ ಅಕ್ಟೋಬರ್. ಫ್ರಾನ್ಸಿನಲ್ಲಿ ಹೆಸರಿಗೆ ಗಣರಾಜ್ಯ. ಆದರೆ ಸಂಸತ್ತಿನಲ್ಲಿ ಕೂತವರಲ್ಲಿ ರಾಜನೇ ಬೇಕು ಅನ್ನುವವರೇ ಜಾಸ್ತಿ. ರಾಜನಾಗಬೇಕಾದವನು ಇರೋದು ಆಸ್ಟ್ರಿಯಾದಲ್ಲಿ, ವಿಯೆನ್ನಾದಿಂದ ದಕ್ಷಿಣಕ್ಕೆ ಫ್ರೋಸ್‌ಡೋರ್ಫ್ ಅನ್ನುವ ಊರಿನ ಒಂದು ದೊಡ್ಡ ಬಂಗಲೆಯಲ್ಲಿ. ಹೆಸರು ಹೆನ್ರಿ. ಬೂರ್ಬನ್ ಮನೆತನದ ಹಿರಿಯ ಕವಲಿನ ಕೊನೆಯ ಗಂಡು. ಜನ ಕರೆಯುತ್ತಿದ್ದದ್ದು ಶಾಂಬೋರ್ ಕೌಂಟ್ ಅಂತ, ಅಭಿಮಾನಿಗಳ ಬಾಯಲ್ಲಿ ಐದನೇ ಹೆನ್ರಿ. ವಯಸ್ಸು 53. ದೇಶ ಬಿಟ್ಟು 43 ವರ್ಷ. ಅವನು ಮಾಡಬೇಕಾಗಿದ್ದದ್ದು ಒಂದೇ ಕೆಲಸ, ದೇಶದ ನೀಲಿ-ಬಿಳಿ-ಕೆಂಪು ಬಾವುಟವನ್ನು ಒಪ್ಪಿಕೊಳ್ಳೋದು. ಒಪ್ಪಲಿಲ್ಲ. ನಮ್ಮ ಮನೆಯ ಬಿಳಿ ಬಾವುಟವೇ ಬೇಕು ಅಂದ. ಕಿರೀಟ ಕೈತಪ್ಪಿತು, ಆಮೇಲೆ ಫ್ರಾನ್ಸಿಗೆ ರಾಜ ಅನ್ನುವವನು ಬರಲೇ ಇಲ್ಲ. ಆಗಿನ ಪೋಪ್ ಒಂಬತ್ತನೇ ಪಯಸ್ ಸುದ್ದಿ ಕೇಳಿ, "ಇಷ್ಟೆಲ್ಲ ಒಂದು ಕೈ ಒರೆಸೋ ಬಟ್ಟೆಗಾ!" ಅಂದರಂತೆ.

ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಚರ್ಚಾಸ್ಪರ್ಧೆಗೆ ತಯಾರಿ ಮಾಡಿಸುವಾಗ ಒಬ್ಬನ ಕೈಲೇ ಎರಡೂ ಕಡೆ ಬರೆಸುತ್ತಿದ್ದರು. ಪರ ಬರೆದ ಹಾಳೆ ಅವರ ಕೈಗೆ ಕೊಡಬೇಕು, ಆಮೇಲೆ ಅದನ್ನು ನೋಡದೆ ವಿರೋಧ ಬರೆಯಬೇಕು. ಇಲ್ಲೂ ಹಾಗೇ ಮಾಡಿದ್ದೇನೆ. ನೋಡದೆ ಅನ್ನೋದೊಂದು ಬಿಟ್ಟು.

ಪರ: ಷರತ್ತಿನ ಕಿರೀಟ ಬೇಡ ಅಂದದ್ದೇ ಸರಿ

ಇವನ ಬದುಕು ಶುರುವಾದದ್ದೇ ಒಂದು ಕೊಲೆಯಿಂದ. 1820ರ ಫೆಬ್ರವರಿ 13ರ ರಾತ್ರಿ, ಪ್ಯಾರಿಸ್ಸಿನ ಆಪೆರಾ ಹೊರಗೆ, ಹೆಂಡತಿಯನ್ನು ಗಾಡಿ ಹತ್ತಿಸಿ ತಿರುಗಿದ ಇವನಪ್ಪ ಬೆರ್ರಿ ಡ್ಯೂಕನಿಗೆ ಲೂವೆಲ್ ಅನ್ನುವ ಜೀನು ಹೊಲಿಯುವವನೊಬ್ಬ ಚೂರಿ ಹಾಕಿದ. ಬೂರ್ಬನ್ ವಂಶವನ್ನು ಬುಡಸಮೇತ ಕಿತ್ತುಹಾಕಬೇಕು ಅಂತ ಅವನ ಲೆಕ್ಕ. ಡ್ಯೂಕ್ ಬೆಳಗಾಗುವಷ್ಟರಲ್ಲಿ ಸತ್ತ. ಹೆಂಡತಿ ಬಸುರಿ ಅನ್ನೋದು ಸುತ್ತಲಿದ್ದವರಿಗೆ ತಿಳಿದದ್ದೇ ಅವನು ಸಾಯುವ ಹೊತ್ತಿನಲ್ಲಿ. ಸೆಪ್ಟೆಂಬರ್ 29ರಂದು ಗಂಡು ಮಗು ಹುಟ್ಟಿತು. ಬೇರೆ ಯಾರದೋ ಮಗುವನ್ನು ತಂದಿಟ್ಟರು ಅಂತ ನಾಳೆ ಯಾರಾದರೂ ಬಾಯಿ ಮಾಡಿದರೆ? ಅದಕ್ಕೇ ಹೊಕ್ಕುಳಬಳ್ಳಿ ಕತ್ತರಿಸುವ ಮೊದಲೇ ಪಹರೆಯ ಸಿಪಾಯಿಗಳನ್ನು ಒಳಗೆ ಕರೆದು ತೋರಿಸಿದರು. ವಂಶದ ಹೆಸರಾಂತ ರಾಜ ನಾಲ್ಕನೇ ಹೆನ್ರಿ ಹುಟ್ಟಿದಾಗ ಮಾಡಿದ್ದರಂತೆ ಅಂತ, ಈ ಮಗುವಿನ ತುಟಿಗೂ ಬೆಳ್ಳುಳ್ಳಿ ಉಜ್ಜಿ ಒಂದು ತೊಟ್ಟು ವೈನ್ ಸವರಿದರು. ಕವಿಗಳು ಪವಾಡದ ಮಗು ಅಂತ ಹಾಡಿದರು. ಮರುವರ್ಷ ದೇಶದ ತುಂಬ ಚಂದಾ ಎತ್ತಿ, ನಾನೂರಕ್ಕೂ ಜಾಸ್ತಿ ಕೋಣೆಗಳಿರುವ ಶಾಂಬೋರ್ ಅರಮನೆಯನ್ನು ಕೊಂಡು ಮಗುವಿಗೆ ಉಡುಗೊರೆ ಕೊಟ್ಟರು.

ಇಷ್ಟು ವಿವರವಾಗಿ ಯಾಕೆ ಹೇಳಿದೆ ಅಂದರೆ, ತಾನು ರಾಜ ಅನ್ನೋದು ಇವನಿಗೆ ಒಂದು ಆಸೆಯಾಗಿರಲಿಲ್ಲ, ಕೈಗೆ ಕೊಟ್ಟು ಜೋಪಾನ ಮಾಡು ಅಂದ ಗಂಟಾಗಿತ್ತು. ಹುಟ್ಟುವ ಮೊದಲೇ ಅಪ್ಪ ಅದಕ್ಕಾಗಿ ಸತ್ತಿದ್ದ.

ಈಗ 1830ಕ್ಕೆ ಬನ್ನಿ. ಜುಲೈ ಕೊನೆಯಲ್ಲಿ ಪ್ಯಾರಿಸ್ ಮೂರು ದಿನ ದಂಗೆ ಎದ್ದಿತು. ಅಜ್ಜ ಹತ್ತನೇ ಚಾರ್ಲ್ಸ್ ಆಗಸ್ಟ್ 2ರಂದು ರಾಂಬುಯೆ ಅರಮನೆಯಲ್ಲಿ ಕೂತು ಪತ್ರ ಬರೆದ: ನಾನು ಕೆಳಗಿಳಿದೆ, ದೊಡ್ಡ ಮಗನೂ ಹಕ್ಕು ಬಿಟ್ಟ, ಮೊಮ್ಮಗ ಹೆನ್ರಿಯನ್ನು ರಾಜ ಅಂತ ಸಾರು. ಈ ಪತ್ರ ಬರೆದದ್ದು ಯಾರಿಗೆ? ದಾಯಾದಿ ಲೂಯಿ ಫಿಲಿಪ್‌ಗೆ. ಹುಡುಗ ದೊಡ್ಡವನಾಗುವವರೆಗೆ ನೀನೇ ನೋಡಿಕೋ ಅನ್ನುವ ನಂಬಿಕೆಯಿಂದ. ಆ ಪುಣ್ಯಾತ್ಮ ಸಂಸತ್ತಿಗೆ ಹೋಗಿ ರಾಜ ಕೆಳಗಿಳಿದ ಅನ್ನೋದನ್ನು ಮಾತ್ರ ಹೇಳಿದ, ಮೊಮ್ಮಗನ ವಿಷಯ ನುಂಗಿಕೊಂಡ. ಒಂದು ವಾರಕ್ಕೆ, ಆಗಸ್ಟ್ 9ರಂದು, ತಾನೇ ರಾಜನಾದ. ಅದಕ್ಕೂ ಮುಂಚೆ ಜುಲೈ 31ರಂದು ಪ್ಯಾರಿಸ್ ಪುರಭವನದ ಬಾಲ್ಕನಿಯಲ್ಲಿ ಹಳೇ ಕ್ರಾಂತಿಯ ನಾಯಕ ಲಾಫಾಯೆತ್ ಜೊತೆ ನಿಂತು ಜನರಿಗೆ ಮುಖ ತೋರಿಸಿದ್ದ. ಕೈಯಲ್ಲಿ ಹಿಡಿದದ್ದು ಯಾವ ಬಾವುಟ? ಅದೇ ಮೂರು ಬಣ್ಣದ್ದು. ಒಂಬತ್ತು ವರ್ಷದ ಹುಡುಗ ಆಗಸ್ಟ್ 16ರಂದು ಶೆರ್‌ಬೂರ್ ಬಂದರಿನಲ್ಲಿ ಹಡಗು ಹತ್ತಿದ. ಆಮೇಲೆ ಎಡಿನ್‌ಬರೋದ ಹಾಲಿರೂಡ್, ಪ್ರಾಗ್ ಕೋಟೆ, ಆಡ್ರಿಯಾಟಿಕ್ ಹತ್ತಿರದ ಗೊರಿತ್ಸಿಯಾ. ಬೇರೆ ರಾಜರು ಕೊಟ್ಟ ಮನೆ, ಬೇರೆಯವರ ಊರು. ಅಜ್ಜ ಗೊರಿತ್ಸಿಯಾದಲ್ಲಿ 1836ರಲ್ಲಿ ಕಾಲರಾದಿಂದ ಸತ್ತ.

ಹುಡುಗನನ್ನು ಸಾಕಿದವರು ಯಾರು ಗೊತ್ತಾ? ಅಮ್ಮ ಅಲ್ಲ. ಅಮ್ಮ 1832ರಲ್ಲಿ ಮಗನ ಹೆಸರಲ್ಲಿ ಫ್ರಾನ್ಸಿನ ಪಶ್ಚಿಮಕ್ಕೆ ಕದ್ದು ಹೋಗಿ ದಂಗೆ ಎಬ್ಬಿಸಲು ನೋಡಿದಳು. ನಾಂತ್ ಪಟ್ಟಣದ ಒಂದು ಮನೆಯಲ್ಲಿ ಬೆಂಕಿಗೂಡಿನ ಹಿಂದೆ ಅಡಗಿ ಕೂತಿದ್ದಳು, ಕಾವಲಿನವರು ಚಳಿಗೆ ಅಂತ ಬೆಂಕಿ ಹಾಕಿದಾಗ ಕಾವು ತಡೆಯಲಾರದೆ ಹೊರಗೆ ಬಂದು ಸಿಕ್ಕಿಬಿದ್ದಳು. ಜೈಲಿನಲ್ಲಿ ಒಂದು ಹೆಣ್ಣು ಮಗು ಹೆತ್ತಳು, ಗುಟ್ಟಾಗಿ ಇನ್ನೊಂದು ಮದುವೆಯಾದದ್ದು ಹೊರಗೆ ಬಂತು. ಅಲ್ಲಿಗೆ ಅವಳ ಮಾತಿಗೆ ಬೆಲೆ ಹೋಯಿತು. ಹುಡುಗನನ್ನು ಬೆಳೆಸಿದ್ದು ದೊಡ್ಡಮ್ಮ ಮರಿ ತೆರೇಸ್. ಹದಿನಾರನೇ ಲೂಯಿ ಮತ್ತು ಮರಿ ಆಂತುವಾನೆತ್ ಇದ್ದರಲ್ಲ, ಅವರ ಮಗಳು. ಫ್ರೆಂಚ್ ಕ್ರಾಂತಿಯಲ್ಲಿ ಹದಿಮೂರನೇ ವಯಸ್ಸಿಗೆ ಜೈಲು ಸೇರಿ ಮೂರು ವರ್ಷಕ್ಕೂ ಮೇಲೆ ಒಳಗಿದ್ದವಳು. ಅಪ್ಪ, ಅಮ್ಮ, ಅತ್ತೆ ಮೂವರ ತಲೆಯನ್ನೂ ಗಿಲೊಟಿನ್ ತೆಗೆಯಿತು. ತಮ್ಮ ಅದೇ ಜೈಲಿನ ಕೋಣೆಯಲ್ಲಿ ಹತ್ತು ವರ್ಷಕ್ಕೆ ಸತ್ತ. ಅವಳ ಕಣ್ಣೆದುರು ಬೆಳೆದವನಿಗೆ ಕ್ರಾಂತಿಯ ಆ ಮೂರು ಬಣ್ಣ ಹೇಗೆ ಕಾಣಬಹುದು? ಬಾವುಟ ಅಂದರೆ ಬರೀ ಬಟ್ಟೆ ಅಲ್ಲ ಅನ್ನೋದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಬಾವುಟಕ್ಕೆ ಒಂದು ನ್ಯಾಯ, ಅವನ ಬಾವುಟಕ್ಕೆ ಇನ್ನೊಂದು ನ್ಯಾಯ ಮಾಡೋದು ಯಾಕೆ?

ಹಾಗಂತ ಇದು ಬರೀ ಭಾವನೆಯ ವಿಷಯ ಅಂದುಕೊಂಡರೆ ಅವನಿಗೆ ಅನ್ಯಾಯ ಮಾಡಿದಂತೆ. ಲೆಕ್ಕ ಹಾಕಿ ನೋಡಿದರೂ ಅವನು ಮಾಡಿದ್ದು ಸರಿ.

1870ರ ಸೆಪ್ಟೆಂಬರ್‌ನಲ್ಲಿ ಆಗಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಸೆಡಾನ್‌ನಲ್ಲಿ ಪ್ರಷ್ಯಾದ ಕೈಗೆ ಸಿಕ್ಕಿಬಿದ್ದ. 1871ರ ಫೆಬ್ರವರಿಯ ಚುನಾವಣೆಯಲ್ಲಿ ರಾಜನ ಪಕ್ಷದವರು ಸುಮಾರು ನಾನೂರು ಜನ ಗೆದ್ದರು. ಇದನ್ನು ನೋಡಿ, ಆಹಾ ಇಡೀ ದೇಶ ರಾಜನಿಗಾಗಿ ಕಾಯುತ್ತಿತ್ತು ಅನ್ನುತ್ತಾರೆ. ಜನ ವೋಟು ಹಾಕಿದ್ದು ರಾಜನಿಗಲ್ಲ, ಯುದ್ಧ ಸಾಕು ಅನ್ನೋದಕ್ಕೆ. ಗಣರಾಜ್ಯದವರು ಯುದ್ಧ ಮುಂದುವರಿಸಬೇಕು ಅಂತಿದ್ದರು, ಇವರು ಶಾಂತಿ ಅಂದರು. ಅಷ್ಟೇ. ಅದೇ ವರ್ಷ ಜುಲೈ 2ರಂದು 114 ಸ್ಥಾನಗಳಿಗೆ ಉಪಚುನಾವಣೆ ನಡೆದಾಗ ನೂರರ ಹತ್ತಿರ ಸ್ಥಾನ ಗಣರಾಜ್ಯದವರಿಗೇ ಹೋಯಿತು. ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನೋದು ಗೊತ್ತಾಗಲು ಇದಕ್ಕಿಂತ ಇನ್ನೇನು ಬೇಕು? ಅಂಥ ಸಂಸತ್ತು ಕೂರಿಸಿದ ರಾಜ ಎಷ್ಟು ದಿನ ಕೂತಿರುತ್ತಿದ್ದ? ಬಾವುಟ ಒಪ್ಪಿಕೊಂಡು, ಬ್ಯಾಂಕಿನವರನ್ನು ಒಪ್ಪಿಸಿಕೊಂಡು, ಎಲ್ಲರಿಗೂ ಹೂಂ ಅಂದುಕೊಂಡು ಕೂತ ಲೂಯಿ ಫಿಲಿಪ್ ಎಷ್ಟು ದಿನ ಇದ್ದ? ಹದಿನೆಂಟು ವರ್ಷ. 1848ರ ಫೆಬ್ರವರಿಯಲ್ಲಿ ಅವನೂ ಓಡಿದ, ಸ್ಮಿತ್ ಅನ್ನುವ ಹೆಸರಲ್ಲಿ ವೇಷ ಮರೆಸಿಕೊಂಡು ಇಂಗ್ಲೆಂಡಿಗೆ.

ಬಾವುಟ ಮೊದಲನೇ ಕಂತು ಮಾತ್ರ ಅನ್ನೋದು ಶಾಂಬೋರ್‌ಗೆ ಗೊತ್ತಿತ್ತು. ಅದನ್ನು ಕೊಟ್ಟರೆ ಎರಡನೇ ಕಂತು, ಆಮೇಲೆ ಮೂರನೆಯದು. 1873ರ ಅಕ್ಟೋಬರ್ 14ರಂದು ಷೆನ್‌ಲೋಂಗ್ ಅನ್ನುವ ಸಂಸದ ಸಾಲ್ಜ್‌ಬರ್ಗ್‌ಗೆ ಬಂದು ಅವನನ್ನು ಕಂಡು ಮಾತಾಡಿದ. ವಾಪಸ್ ಹೋದವನು, ಎಲ್ಲ ಸರಿಹೋಯಿತು ಅನ್ನುವ ಅರ್ಥ ಬರುವ ಹಾಗೆ ಹೇಳಿದ. ಪತ್ರಿಕೆಗಳು ಅದನ್ನು ಇನ್ನಷ್ಟು ಉಪ್ಪು ಖಾರ ಹಚ್ಚಿ ಬರೆದವು. ಶಾಂಬೋರ್ ಸುಮ್ನೆ ಇದ್ದುಬಿಟ್ಟಿದ್ದರೆ ಸಾಕಿತ್ತು, ಕಿರೀಟ ಬಂದೇಬಿಡುತ್ತಿತ್ತು. ತಲೆ ಮೇಲೆ ಕಿರೀಟ ಬಂದಮೇಲೆ ಬಾವುಟದ ವಿಷಯ ನೋಡಿಕೊಳ್ಳೋಣ ಅಂತ ಬೇರೆ ಯಾರಾದರೂ ಅಂದುಕೊಳ್ಳುತ್ತಿದ್ದರು. ಮೂರನೇ ನೆಪೋಲಿಯನ್ ಹಾಗೇ ಮಾಡಿದ್ದಲ್ವಾ? 1848ರಲ್ಲಿ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಅಧ್ಯಕ್ಷನಾದ, ಮೂರು ವರ್ಷಕ್ಕೆ ಅದೇ ಗಣರಾಜ್ಯದ ಕುತ್ತಿಗೆ ಹಿಸುಕಿದ. ಶಾಂಬೋರ್ ಅಕ್ಟೋಬರ್ 27ರಂದು ಒಂದು ಪತ್ರ ಬರೆದು ಪತ್ರಿಕೆಯಲ್ಲಿ ಹಾಕಿಸಿದ. ಇವತ್ತು ನನ್ನ ಮಾನವನ್ನೇ ಬಲಿ ಕೊಡು ಅನ್ನುತ್ತಿದ್ದಾರೆ ಅಂತ ನೇರವಾಗಿ ಹೇಳಿದ. "ನಾನು ಏನೂ ಅಲ್ಲ, ನನ್ನ ತತ್ವವೇ ಎಲ್ಲ" ಅಂದ. ಗೆಲ್ಲಲು ನಾಲ್ಕು ದಿನ ಇರುವಾಗ ತಾನೇ ಎದ್ದು ನಿಂತು, ನೀವು ನನ್ನನ್ನು ತಪ್ಪು ತಿಳಿದಿದ್ದೀರಿ ಅನ್ನುವ ಅಭ್ಯರ್ಥಿಯನ್ನು ನಾನಂತೂ ನೋಡಿಲ್ಲ.

ಇನ್ನೊಂದು ಮಾತು. ಇವನನ್ನು ಹಳೇ ಕಾಲದ ಗೊಡ್ಡು ಅಂತ ಬರೆಯೋದು ರೂಢಿ. ಆದರೆ 1865ರಲ್ಲಿ ಇವನೇ ಕಾರ್ಮಿಕರ ಬಗ್ಗೆ ಒಂದು ಬಹಿರಂಗ ಪತ್ರ ಬರೆದಿದ್ದ. ಕಾರ್ಖಾನೆಯ ಆಳುಗಳು ಒಬ್ಬೊಬ್ಬರೇ ಬಿಡಿಬಿಡಿಯಾಗಿ ನಿಂತು ದಣಿಗಳ ಕೈಯಲ್ಲಿ ನಲುಗುತ್ತಿದ್ದಾರೆ, ಅವರಿಗೆ ಸಂಘ ಕಟ್ಟುವ ಹಕ್ಕು ಬೇಕು ಅಂತ. ಫ್ರಾನ್ಸಿನಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1884ರಲ್ಲಿ, ಇವನು ಸತ್ತ ಮರುವರ್ಷ. 1871ರ ಘೋಷಣೆಯಲ್ಲೂ ಎಲ್ಲರ ಮತದಾನವನ್ನು ಒಪ್ಪಿದ್ದ. ಬಿಡದೆ ಹಿಡಿದದ್ದು ಬಾವುಟ ಒಂದನ್ನೇ. "ನನ್ನ ತೊಟ್ಟಿಲ ಮೇಲೆ ಹಾರಿದೆ, ನನ್ನ ಗೋರಿಗೂ ಅದರ ನೆರಳಿರಲಿ" ಅಂದಿದ್ದ.

ಅಮ್ಮನ ಹಾಗೆ ಬಂದೂಕು ಹಿಡಿದವರನ್ನು ಕಟ್ಟಿಕೊಂಡು ಬರಲಿಲ್ಲ. ಇವನು ದೊಡ್ಡವನಾದ ಮೇಲೆ ಒಂದು ಜೀವ ಇವನ ಹಕ್ಕಿಗಾಗಿ ಹೋಗಲಿಲ್ಲ. ಸಿಂಹಾಸನಕ್ಕೆ ಆಸೆಪಟ್ಟವರ ಇಡೀ ಪಟ್ಟಿ ತೆಗೆದು ನೋಡಿ, ಇಷ್ಟು ಹೇಳಿಸಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ?

ವಿರೋಧ: ಬೇಡ ಅಂದಮೇಲೆ ಜಾಗ ಬಿಡಬೇಕಿತ್ತು

ಮೇಲಿನದನ್ನು ಬರೆದವನೇ ನಾನು, ಅದಕ್ಕೇ ಅದರಲ್ಲಿ ಎಲ್ಲೆಲ್ಲಿ ತೂತಿದೆ ಅಂತ ನನಗೆ ಚೆನ್ನಾಗಿ ಗೊತ್ತು. ದೊಡ್ಡಮ್ಮನ ಕಣ್ಣೀರು, ಒಂಬತ್ತು ವರ್ಷದ ಹುಡುಗ, ಹಡಗು. ಹುಡುಗನ ಬಗ್ಗೆ ಯಾರಿಗೆ ಕನಿಕರ ಬರಲ್ಲ? ಆದರೆ ನಾವು ಮಾತಾಡುತ್ತಿರೋದು 53 ವರ್ಷದ ಗಂಡಸಿನ ಬಗ್ಗೆ.

ಬಾವುಟದಿಂದಲೇ ಶುರು ಮಾಡೋಣ. 1871ರ ಜುಲೈ 5ರ ಘೋಷಣೆಯ ಕೊನೆಗೆ ಅವನು ಬರೆದ ಸಾಲು ಇದು: "ನಾಲ್ಕನೇ ಹೆನ್ರಿಯ ಬಿಳಿ ಬಾವುಟವನ್ನು ಐದನೇ ಹೆನ್ರಿ ಬಿಡಲಾರ." ಕೇಳೋದಕ್ಕೆ ಭಾರಿ ಚೆನ್ನಾಗಿದೆ. ಈ ನಾಲ್ಕನೇ ಹೆನ್ರಿ ಯಾರು? ಪ್ರಾಟೆಸ್ಟೆಂಟ್ ಪಂಗಡದಲ್ಲಿ ಬೆಳೆದವನು, ಆ ಪಂಗಡದ ಸೈನ್ಯ ನಡೆಸಿದವನು. ಪ್ಯಾರಿಸ್ ಬಾಗಿಲು ತೆರೆಯಲಿಲ್ಲ ಅಂತ 1593ರಲ್ಲಿ ಕ್ಯಾಥಲಿಕ್ ಆದ. "ಪ್ಯಾರಿಸ್‌ಗಾಗಿ ಒಂದು ಪೂಜೆ ಮಾಡಿದರೆ ನಷ್ಟವೇನಿಲ್ಲ" ಅಂದ ಅನ್ನುವ ಮಾತು ಅವನ ಹೆಸರಲ್ಲೇ ಓಡಾಡುತ್ತಿದೆ, ಅಂದನೋ ಇಲ್ಲವೋ, ಮಾಡಿದ್ದಂತೂ ಹೌದು. ದೇಶದೊಳಗಿನ ಕಾಳಗ ನಿಲ್ಲಲಿ ಅಂತ ದೇವರನ್ನು ಪೂಜಿಸುವ ರೀತಿಯನ್ನೇ ಬದಲಿಸಿದವನ ಹೆಸರು ಹೇಳಿಕೊಂಡು ಇವನು ಬಣ್ಣ ಬದಲಿಸಲ್ಲ ಅಂದ. ತುಟಿಗೆ ಬೆಳ್ಳುಳ್ಳಿ ಉಜ್ಜಿದರು ಸರಿ, ಆ ಮುತ್ತಜ್ಜನ ಬುದ್ಧಿಯನ್ನೂ ಒಂದಿಷ್ಟು ಉಜ್ಜಬೇಕಿತ್ತು.

ಅದೂ ಅಲ್ಲದೆ ಬಿಳಿ ಬಣ್ಣ ಆ ಬಾವುಟದಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಮಾತಾಡುತ್ತಾರೆ. ನಡುವೆ ಇರೋದೇ ಬಿಳಿ. 1789ರ ಜುಲೈನಲ್ಲಿ ಪ್ಯಾರಿಸ್ ನಗರದ ನೀಲಿ ಕೆಂಪಿನ ಮಧ್ಯೆ ರಾಜನ ಬಿಳಿಯನ್ನು ಸೇರಿಸಿ ಮಾಡಿದ ಬಣ್ಣಗಳು ಅವು. ಹದಿನಾರನೇ ಲೂಯಿಯೇ ಜುಲೈ 17ರಂದು ಪ್ಯಾರಿಸ್ ಪುರಭವನದಲ್ಲಿ ಅದರ ಬಿಲ್ಲೆಯನ್ನು ಟೋಪಿಗೆ ಸಿಕ್ಕಿಸಿಕೊಂಡಿದ್ದ. ಆಮೇಲೆ ಅದೇ ಬಣ್ಣದವರು ಅವನ ತಲೆ ತೆಗೆದರು, ನಿಜ. ಆದರೆ 1873ರ ಹೊತ್ತಿಗೆ ಆ ಬಾವುಟ ಗಿಲೊಟಿನ್ ನಡೆಸಿದವರದ್ದು ಮಾತ್ರ ಆಗಿ ಉಳಿದಿರಲಿಲ್ಲ. ಮೂರು ವರ್ಷದ ಹಿಂದೆ ಪ್ರಷ್ಯಾದ ಎದುರು ಸತ್ತ ರೈತರ ಮಕ್ಕಳು ಅದರ ಕೆಳಗೇ ಸತ್ತಿದ್ದರು. ಅಲ್ಸಾಸ್ ಪ್ರಾಂತ್ಯ ಕೈಬಿಟ್ಟಿತ್ತು. ಆ ಮನೆಗಳಿಗೆ ಹೋಗಿ, ನಿಮ್ಮ ಹುಡುಗ ಸತ್ತದ್ದು ದಂಗೆಕೋರರ ಬಾವುಟದ ಕೆಳಗೆ ಅನ್ನೋಕಾಗುತ್ತಾ? ಆಗಿನ ಅಧ್ಯಕ್ಷ, ಮಾರ್ಷಲ್ ಮ್ಯಾಕ್‌ಮಹೋನ್, ಮನಸ್ಸಿನೊಳಗೆ ರಾಜನ ಪರ ಇದ್ದವನೇ. ಅವನೇ ಹೇಳಿದ್ದು: ಮೂರು ಬಣ್ಣದ ಎದುರು ಬಿಳಿ ಬಾವುಟ ಏರಿಸಿದರೆ ಸಿಪಾಯಿಗಳ ಬಂದೂಕು ತಾವಾಗಿಯೇ ಹಾರುತ್ತವೆ ಅಂತ. ದಾರಿಗಳು ಇರಲಿಲ್ಲ ಅಂತಲ್ಲ. ದೇಶಕ್ಕೆ ಮೂರು ಬಣ್ಣ, ಅರಮನೆಗೆ ಬಿಳಿ ಇಟ್ಟುಕೋ ಅಂದರು. ಮೂರು ಬಣ್ಣದ ಮೇಲೆ ನಿಮ್ಮ ಮನೆತನದ ಲಿಲಿ ಹೂವು ಹೊಲಿಯೋಣ ಅಂದರು. ಯಾವುದೂ ಬೇಡ.

ಯಾಕೆ ಬೇಡ ಅನ್ನೋದಕ್ಕೆ ನನ್ನ ಉತ್ತರ ತತ್ವಕ್ಕಿಂತ ಸಣ್ಣದು. ಫ್ರೋಸ್‌ಡೋರ್ಫ್‌ನಲ್ಲಿ ಅವನಿಗೆ ಇಲ್ಲ ಅನ್ನುವವರೇ ಇರಲಿಲ್ಲ. ದುಡ್ಡಿಗೆ ಕೊರತೆಯಿಲ್ಲ. ಬೇಟೆ ಇದೆ. ಫ್ರಾನ್ಸಿನಿಂದ ಬರುವವರೆಲ್ಲ ನಡುಬಗ್ಗಿಸಿಯೇ ಬರುವವರು. ಅವರು ನೋಡಲು ಬರುತ್ತಿದ್ದದ್ದು ಮನುಷ್ಯನನ್ನಲ್ಲ, ಪವಾಡದ ಮಗುವನ್ನು, ಮತ್ತು ಅವನು ಆ ಮಗುವಾಗಿಯೇ ಉಳಿದ. 1841ರಲ್ಲಿ ಕುದುರೆಯಿಂದ ಬಿದ್ದು ಕಾಲು ಸ್ವಲ್ಪ ಕುಂಟಾಗಿತ್ತು, ಗಡ್ಡ ನೆರೆತಿತ್ತು, 1846ರಲ್ಲಿ ಮದುವೆಯಾದರೂ ಮಕ್ಕಳಿರಲಿಲ್ಲ. ಆದರೆ ಮನೆಯ ಗಡಿಯಾರ 1830ರ ಆಗಸ್ಟಿನಲ್ಲೇ ನಿಂತಿತ್ತು. ಅವನು ಬಿಟ್ಟ ಫ್ರಾನ್ಸಿನಲ್ಲಿ ಊರೂರಿಗೆ ರೈಲಿಲ್ಲ, ಟೆಲಿಗ್ರಾಫ್ ತಂತಿಯಿಲ್ಲ, ಎಲ್ಲ ಗಂಡಸರಿಗೂ ವೋಟಿಲ್ಲ. ಅವನಿಗೆ ಕೊಡಲು ಸಿದ್ಧರಾದ ಫ್ರಾನ್ಸಿನಲ್ಲಿ ಇವು ಮೂರೂ ಇದ್ದವು. ಬೂರ್ಬನ್ನರು ದೇಶಕ್ಕೆ ಕಾಲಿಡಬಾರದು ಅನ್ನುವ ಬಹಿಷ್ಕಾರದ ಕಾನೂನು ತೆಗೆದ ಮೇಲೆ 1871ರ ಜುಲೈನಲ್ಲಿ ಬಂದ, ತನಗೆ ಜನ ಚಂದಾ ಎತ್ತಿ ಕೊಟ್ಟ ಅರಮನೆಯಲ್ಲಿ ಎರಡು ಮೂರು ದಿನ ಇದ್ದು ಘೋಷಣೆ ಬರೆದು ವಾಪಸ್ ಹೊರಟ. ಹುಟ್ಟಿದ ಟ್ವಿಲರಿ ಅರಮನೆ ಆಗಷ್ಟೇ ಸುಟ್ಟು ಕರಕಲಾಗಿತ್ತು. ಅಷ್ಟು ಕಂಡರೂ ಏನೂ ಅನ್ನಿಸಲಿಲ್ಲವಾ? ಊರು ಬಿಟ್ಟು ನಲವತ್ತು ವರ್ಷ ಹೊರಗಿದ್ದವರಿಗೆಲ್ಲ ಈ ಕಾಯಿಲೆ ಬರುತ್ತದೆ, ತಾವು ಬಿಟ್ಟ ದಿನದ ಊರೇ ನಿಜವಾದ ಊರು ಅಂತ. ನಮ್ಮಲ್ಲೂ ಇದ್ದಾರೆ ಬಿಡಿ. ಆದರೆ ಅವರು ಊರನ್ನು ಆಳುತ್ತೇನೆ ಅನ್ನಲ್ಲ.

ಪರದಲ್ಲಿ ಒಂದು ವಿಷಯ ಬೇಕಂತಲೇ ಬಿಟ್ಟಿದ್ದೇನೆ. ಅದನ್ನು ಈಗ ಹೇಳಬೇಕು.

ಅಕ್ಟೋಬರ್ 27ರ ಪತ್ರ ಬರೆದು, ನನ್ನ ತತ್ವವೇ ಎಲ್ಲ ಅಂದ ಮೇಲೆ ಅವನು ಏನು ಮಾಡಿದ? ಆಸ್ಟ್ರಿಯಾದಲ್ಲಿ ತಣ್ಣಗೆ ಕೂರಲಿಲ್ಲ. ನವೆಂಬರ್ 9ರ ಹೊತ್ತಿಗೆ ಗುಟ್ಟಾಗಿ ಫ್ರಾನ್ಸಿಗೆ ಬಂದ. ಸಂಸತ್ತು ಆಗ ಸೇರುತ್ತಿದ್ದದ್ದು ವರ್ಸೈಲ್ಸ್‌ನಲ್ಲಿ. ಅಲ್ಲೇ ಒಬ್ಬ ಅಭಿಮಾನಿಯ ಮನೆಯಲ್ಲಿ ಅಡಗಿ ಕೂತ. ಮುತ್ತಜ್ಜಂದಿರು ಕಟ್ಟಿದ ಅರಮನೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ತನ್ನ ಕಡೆಯವನೊಬ್ಬನನ್ನು ಮ್ಯಾಕ್‌ಮಹೋನ್ ಹತ್ತಿರ ಕಳಿಸಿದ, ಬಂದು ಕಾಣು ಅಂತ. ಮಾರ್ಷಲ್ ಕೈಹಿಡಿದುಕೊಂಡು ನೇರ ಸಂಸತ್ತಿಗೆ ಕಾಲಿಡುತ್ತೇನೆ, ಎಲ್ಲರೂ ಎದ್ದು ನಿಂತು ಜೈ ಅನ್ನುತ್ತಾರೆ, ಬಾವುಟದ ಮಾತೇ ಬರಲ್ಲ ಅಂತ ಅವನ ಲೆಕ್ಕ. ಮ್ಯಾಕ್‌ಮಹೋನ್ ಬರಲ್ಲ ಅಂದ. ನಾನು ಅಧ್ಯಕ್ಷ, ಸಂಸತ್ತಿನ ಬೆನ್ನ ಹಿಂದೆ ಇಂಥ ಕೆಲಸ ನನ್ನ ಕೈಲಾಗಲ್ಲ ಅನ್ನೋದು ಅವನ ನಿಲುವು. ಆಗ ಮಾನ ಅಂದರೆ ಏನು ಅಂತ ತೋರಿಸಿದ್ದು ಆ ಮಾರ್ಷಲ್ ಅಂತ ನನಗನ್ನಿಸುತ್ತದೆ. ಐದನೇ ಹೆನ್ರಿ ಆ ಮನೆಯ ಕೋಣೆಯಲ್ಲಿ ಹತ್ತು ದಿನ ಕಾದ. ನವೆಂಬರ್ 20ರ ಹೊತ್ತಿಗೆ, ರಾತ್ರಿಯೆಲ್ಲ ಚರ್ಚೆ ಮಾಡಿ, ಸಂಸತ್ತು ಮ್ಯಾಕ್‌ಮಹೋನನ ಅಧಿಕಾರವನ್ನು ಏಳು ವರ್ಷಕ್ಕೆ ಗಟ್ಟಿ ಮಾಡಿತು. ಇವನು ಬಂದ ದಾರಿಯಲ್ಲೇ ಕದ್ದು ವಾಪಸ್ ಹೋದ.

ಕಿರೀಟ ಬೇಡ ಅನ್ನುವವನು ಹೀಗೆ ಮಾಡಲ್ಲ. ಕಿರೀಟ ಬೇಕು, ಅದರ ಬೆಲೆ ಮಾತ್ರ ಕೊಡಲ್ಲ ಅನ್ನುವವನು ಮಾಡುವ ಕೆಲಸ ಇದು. ಪ್ಯಾರಿಸ್ಸಿಗೆ ಮೆರವಣಿಗೆಯಲ್ಲಿ ಬರಲು ಅಂತ ಸಾರೋಟುಗಳನ್ನೂ ಮಾಡಿಸಿದ್ದರು. ಅವು ಈಗಲೂ ಶಾಂಬೋರ್ ಅರಮನೆಯಲ್ಲಿವೆ, ಯಾರೂ ಹತ್ತದವು, ಬಣ್ಣ ಮಾಸದವು. ಟಿಕೆಟ್ ತೆಗೆದುಕೊಂಡು ಹೋಗಿ ನೋಡಬಹುದು.

ಆ ಏಳು ವರ್ಷ ಯಾಕೆ ಅಂತ ಯೋಚಿಸಿದ್ದೀರಾ? ರಾಜನ ಪಕ್ಷದವರು ಸಮಯ ಕೊಂಡದ್ದು. ಇವನಿಗೆ ಮಕ್ಕಳಿಲ್ಲ. ಇವನಾದ ಮೇಲೆ ಹಕ್ಕು ಲೂಯಿ ಫಿಲಿಪ್‌ನ ಮೊಮ್ಮಗ ಪ್ಯಾರಿಸ್ ಕೌಂಟ್‌ಗೆ ಹೋಗುತ್ತದೆ. ಅವನಿಗೆ ಮೂರು ಬಣ್ಣದ ತಕರಾರಿಲ್ಲ. 1873ರ ಆಗಸ್ಟ್ 5ರಂದು ಅವನು ತಾನಾಗಿ ಫ್ರೋಸ್‌ಡೋರ್ಫ್‌ಗೆ ಬಂದು, ಮನೆಗೆ ನೀನೇ ಹಿರಿಯ ಅಂತ ಒಪ್ಪಿ, ಅಜ್ಜ ಮಾಡಿದ್ದನ್ನು ಸರಿಪಡಿಸಿಯೂ ಹೋಗಿದ್ದ. ಅಂದರೆ ತನ್ನದೇ ಕಡೆಯವರು ಇವನ ಸಾವಿಗಾಗಿ ಕಾಯುತ್ತಾ ಕೂತರು. ಎಂಥ ಗತಿ ನೋಡಿ. ಇವನು ಇನ್ನೂ ಹತ್ತು ವರ್ಷ ಬದುಕಿದ. ಅಷ್ಟರಲ್ಲಿ 1875ರ ಜನವರಿ 30ರಂದು ಅಧ್ಯಕ್ಷ ಹುದ್ದೆಯನ್ನು ಖಾಯಂ ಮಾಡುವ ತಿದ್ದುಪಡಿ 353ಕ್ಕೆ 352 ಮತಗಳಿಂದ ಪಾಸಾಯಿತು. ಒಂದೇ ಒಂದು ಮತ. ಗಣರಾಜ್ಯ ಬೇರು ಬಿಟ್ಟಿತು. 1879ರಲ್ಲಿ ಕ್ರಾಂತಿಯ ಹಾಡು ಮಾರ್ಸೆಯೇಸ್ ರಾಷ್ಟ್ರಗೀತೆಯಾಯಿತು, 1880ರಿಂದ ಕ್ರಾಂತಿಯ ದಿನ ಜುಲೈ 14 ರಾಷ್ಟ್ರೀಯ ಹಬ್ಬ.

ನನ್ನ ತಕರಾರು ಇಲ್ಲೇ ಇರೋದು. ಷರತ್ತು ಒಪ್ಪದಿರೋದು ಅವನ ಹಕ್ಕು, ಅದನ್ನು ನಾನೂ ಒಪ್ಪುತ್ತೇನೆ, ಪರದಲ್ಲಿ ಬರೆದದ್ದನ್ನು ಅಳಿಸುವುದಿಲ್ಲ. ಆದರೆ ಒಪ್ಪಲ್ಲ ಅಂದಮೇಲೆ ಹಕ್ಕು ಬಿಡಬೇಕಿತ್ತು. 1871ರಲ್ಲೇ ಎರಡು ಸಾಲು ಬರೆದು, ನನ್ನಿಂದಾಗಲ್ಲ, ಪ್ಯಾರಿಸ್ ಕೌಂಟ್ ನೋಡಿಕೊಳ್ಳಲಿ ಅಂದಿದ್ದರೆ ಮಾನವೂ ಉಳಿಯುತ್ತಿತ್ತು, ಅವನೇ ದೇವರ ಹಾಗೆ ನಂಬಿದ್ದ ರಾಜತ್ವವೂ ಬಹುಶಃ ಉಳಿಯುತ್ತಿತ್ತು. ಅವನಜ್ಜ ರಾಂಬುಯೆಯಲ್ಲಿ ಅದನ್ನು ಒಂದು ದಿನದಲ್ಲಿ ಮಾಡಿದ್ದ. ಕೂರುವುದೂ ಇಲ್ಲ, ಏಳುವುದೂ ಇಲ್ಲ ಅಂದರೆ ಉಳಿದವರು ಏನು ಮಾಡಬೇಕು?

ಉಳಿದವರು ಅಂದೆನಲ್ಲ, ಅವರ ಬಗ್ಗೆ ಯಾರೂ ಬರೆಯಲ್ಲ. 1830ರಲ್ಲಿ ಲೂಯಿ ಫಿಲಿಪ್‌ಗೆ ಪ್ರಮಾಣ ಮಾಡಲ್ಲ ಅಂತ ಸೈನ್ಯದ, ಸರ್ಕಾರದ ಕೆಲಸ ಬಿಟ್ಟು ಹಳ್ಳಿ ಮನೆ ಸೇರಿದವರಿದ್ದರು. ಮೂರನೇ ನೆಪೋಲಿಯನ್ ಕಾಲದಲ್ಲಿ, ಚುನಾವಣೆಗೆ ನಿಲ್ಲಬೇಡಿ, ಹುದ್ದೆ ಹಿಡಿಯಬೇಡಿ ಅಂತ ಶಾಂಬೋರನೇ ಆಸ್ಟ್ರಿಯಾದಿಂದ ಅಪ್ಪಣೆ ಕಳಿಸಿದ. ಅವರು ಪಾಲಿಸಿದರು. ಮಕ್ಕಳಿಗೂ ಅದನ್ನೇ ಕಲಿಸಿದರು. ಎರಡು ತಲೆಮಾರು ಬೇಲಿಯಾಚೆ ನಿಂತು ಕಾದರು, ಒಬ್ಬ ಮನುಷ್ಯ ಒಂದು ದಿನ ಗಡಿ ದಾಟಿ ಬರುತ್ತಾನೆ ಅಂತ. ಬಂದ. ಕೋಣೆಯಲ್ಲಿ ಅಡಗಿ ಕೂತು ಹೋದ. ಒಂದು ಜೀವ ಹೋಗಲಿಲ್ಲ ಅಂತ ಮೇಲೆ ಬರೆದೆ. ಹೀಗೆ ಸವೆದ ಜೀವಗಳನ್ನು ಯಾವ ಲೆಕ್ಕಕ್ಕೆ ಹಾಕೋಣ?

ಬೇರೆ ದಾರಿ ಇರಲಿಲ್ಲವೇ ಅಂದರೆ, ಅವನ ನಂತರ ಬಂದ ಇಬ್ಬರನ್ನು ನೋಡಿ. ಆಸ್ಟ್ರಿಯಾದ ಯುವರಾಜ ಓಟೋ ಫಾನ್ ಹಾಬ್ಸ್‌ಬುರ್ಗ್, ಆರು ವರ್ಷ ತುಂಬುವ ಮೊದಲೇ ಸಾಮ್ರಾಜ್ಯ ಬಿತ್ತು. 1961ರಲ್ಲಿ ಸಿಂಹಾಸನದ ಹಕ್ಕು ಬಿಟ್ಟೆ ಅಂತ ಸಹಿ ಹಾಕಿದ, ಆಮೇಲೆ ಇಪ್ಪತ್ತು ವರ್ಷ ಯುರೋಪಿಯನ್ ಸಂಸತ್ತಿನಲ್ಲಿ ಸದಸ್ಯನಾಗಿ ಕೆಲಸ ಮಾಡಿದ. ಬಲ್ಗೇರಿಯಾದ ಬಾಲರಾಜ ಸಿಮಿಯೋನ್ 1946ರಲ್ಲಿ ದೇಶ ಬಿಟ್ಟಾಗ ಅವನಿಗೂ ಒಂಬತ್ತೇ ವರ್ಷ, ಶಾಂಬೋರ್‌ನಷ್ಟೇ. 2001ರಲ್ಲಿ ಚುನಾವಣೆಗೆ ಇಳಿದು, 240ರಲ್ಲಿ 120 ಸ್ಥಾನ ಗೆದ್ದು ಪ್ರಧಾನಿಯಾದ. ಒಳ್ಳೇ ಪ್ರಧಾನಿಯಾಗಿದ್ದನೋ ಇಲ್ಲವೋ ಅದು ಬೇರೆ ಜಗಳ. ಜನರ ಮುಂದೆ ಹೋಗಿ ನಿಂತ, ನಾಲ್ಕು ವರ್ಷಕ್ಕೆ ಸೋತ, ಮನೆಗೆ ಹೋದ. ಇವರಿಬ್ಬರ ಕಾಲವೇ ಬೇರೆ ಅಂತ ನೀವು ಅಂದರೆ, ಅದೂ ಸರಿಯೇ. ಆದರೆ ಶಾಂಬೋರ್‌ಗೆ ತನ್ನ ಕಾಲ ಯಾವುದು ಅಂತಲೇ ಗೊತ್ತಿರಲಿಲ್ಲ ಅನ್ನೋದು ನನ್ನ ದೂರು.

1883ರ ಆಗಸ್ಟ್ 24ರಂದು ಫ್ರೋಸ್‌ಡೋರ್ಫ್‌ನಲ್ಲಿ ತೀರಿಕೊಂಡ. ಗೊರಿತ್ಸಿಯಾದ ಗುಡ್ಡದ ಮೇಲಿರುವ ಮಠದಲ್ಲಿ, ಅಜ್ಜ ಮತ್ತು ದೊಡ್ಡಮ್ಮನ ಪಕ್ಕ ಮಣ್ಣು ಮಾಡಿದರು. ಎರಡನೇ ಮಹಾಯುದ್ಧ ಮುಗಿದು ಗಡಿ ಹೊಸದಾಗಿ ಎಳೆದಾಗ ಆ ಗುಡ್ಡ ಇಟಲಿಯಿಂದ ಯುಗೊಸ್ಲಾವಿಯಾಕ್ಕೆ ಹೋಯಿತು, ಈಗ ಅದು ಸ್ಲೊವೇನಿಯಾದ ನೋವಾ ಗೊರಿತ್ಸಾ. ಶವದ ಹಿಂದೆ ಮೊದಲು ಯಾರು ನಡೆಯಬೇಕು ಅಂತ ಅಂತ್ಯಕ್ರಿಯೆಯಲ್ಲೇ ಜಗಳ ಬಂತು. ವಿಧವೆ ಬೇರೆ ಕವಲಿನ ಬೂರ್ಬನ್ನರಿಗೆ ಮುಂದಿನ ಜಾಗ ಕೊಟ್ಟಳು, ಪ್ಯಾರಿಸ್ ಕೌಂಟ್ ಗೊರಿತ್ಸಿಯಾಕ್ಕೆ ಹೋಗಲೇ ಇಲ್ಲ. ಮೂರು ವರ್ಷಕ್ಕೆ, 1886ರಲ್ಲಿ, ಗಣರಾಜ್ಯ ಮತ್ತೆ ಕಾನೂನು ತಂದು ಅವನನ್ನೂ ದೇಶದಿಂದ ಹೊರಗೆ ಹಾಕಿತು. ಆ ಕಾನೂನು 1950ರವರೆಗೆ ಇತ್ತು.

ಫ್ರಾನ್ಸಿನ ಸಿಂಹಾಸನ ನಮ್ಮದು ಅನ್ನುವವರು ಈಗಲೂ ಎರಡು ಕವಲಿನಲ್ಲಿ ಇದ್ದಾರೆ, ಸಿಂಹಾಸನ ಮಾತ್ರ ಇಲ್ಲ. ಒಂದು ಕವಲಿನವರು ಇನ್ನೊಂದು ಕವಲಿನವರ ಮೇಲೆ ಕೋರ್ಟಿಗೂ ಹೋಗಿದ್ದರು. ನೀಲಿಯ ಮೇಲೆ ಮೂರು ಚಿನ್ನದ ಲಿಲಿ ಹೂವಿರುವ ಲಾಂಛನ ನಮ್ಮದು, ಅವರು ಹಾಕಿಕೊಳ್ಳಬಾರದು ಅಂತ. 1988ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು.